ಮೂರು ಮೂಡದ ಕೀಲಿಮಣೆ

ಆ ಬುಧವಾರ ಬೆಳಿಗ್ಗೆ ರಾಯದುರ್ಗದ ಕೋಟೆಗುಡ್ಡ ಅರ್ಧ ಮಾತ್ರ ಕಾಣುತ್ತಿತ್ತು. ಮೇಲರ್ಧವನ್ನು ಮೋಡ ನುಂಗಿತ್ತು. ತುಂತುರು ಬಿದ್ದೂ ಬೀಳದಂತಿದ್ದು, ಗಾರ್ಮೆಂಟ್ ಶೆಡ್ಡಿನ ತಗಡು ಆಗೊಮ್ಮೆ ಈಗೊಮ್ಮೆ ಟಪ್ ಅನ್ನುತ್ತಿತ್ತು. ಆಯುಧಪೂಜೆ ಮುಗಿದು ನಾಲ್ಕು ದಿನವಾಗಿತ್ತು, ರಜೆ ಕಳೆದು ಶೆಡ್ಡು ತೆರೆದದ್ದು ಅಂದೇ. ಹೊಲಿಗೆ ಮಿಷನ್ನುಗಳ ಮೇಲೆ ಚೆಂಡುಹೂವಿನ ಸರ ಇನ್ನೂ ಬಾಡುತ್ತ ಬಿದ್ದಿತ್ತು.

ಟೈಲರ್ ಹಂಪಕ್ಕ ಒಂದು ಲೇಬಲ್ಲನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು. "ಎರಡು ಇಂಚಿನ ಸೊಂಟ ಅಂತ್ರೀ! ಈ ಪ್ಯಾಂಟು ಯಾರಿಗೆ, ಜೋಳದ ದಂಟಿಗೇನು?"

ಎಲ್ಲರೂ ನಕ್ಕರು. ಮಮತಾ ನಗಲಿಲ್ಲ. ಕಂಪ್ಯೂಟರಿನಲ್ಲಿ ಅಳತೆ ಒತ್ತಿ ಲೇಬಲ್ ತೆಗೆಯುವವಳು ಅವಳೇ. ಮಡಕಶಿರದ ಹತ್ತಿರದ ರೊಳ್ಳದಿಂದ ಅಕ್ಕನ ಜೊತೆ ಈ ಜೀನ್ಸ್ ಊರಿಗೆ ಬಂದವಳು, ದಾರ ಕತ್ತರಿಸುವ ಮೇಜಿನಲ್ಲಿ ಒಂದು ವರ್ಷ ಬೆನ್ನು ಬಗ್ಗಿಸಿದ್ದಳು. ಆಮೇಲೆ ನೋಡಿ ನೋಡಿಯೇ ಕಂಪ್ಯೂಟರ್ ಕಲಿತು ಈ ಕುರ್ಚಿಗೆ ಬಂದಿದ್ದಳು. ಈಗ ಮೂವತ್ತೆರಡು ಎಂದು ಒತ್ತಿದರೆ ಬರೀ ಎರಡು ಬೀಳುತ್ತಿತ್ತು. ಮೂವತ್ತು, ಮೂವತ್ತನಾಲ್ಕು, ಮೂವತ್ತಾರು, ಪ್ಯಾಂಟಿನ ಬಹುಪಾಲು ಅಳತೆಗೆ ಮೂರು ಬೇಕೇ ಬೇಕು. ಕೀಲಿಮಣೆಯ ಬಲಬದಿಯ ಅಂಕಿಗಳು ಎಂದೋ ಸತ್ತುಹೋಗಿ, ಮೇಲ್ಸಾಲಿನವು ಮಾತ್ರ ಉಳಿದಿದ್ದವು. ಕೀಲಿಮಣೆಯೋ ಹಳೇ ಕಾಲದ್ದು, ರುಬ್ಬುಗಲ್ಲಿನಷ್ಟು ಭಾರ. ಹೊಸದರ ಪಿನ್ನು ಆ ಕಂಪ್ಯೂಟರಿಗೆ ಕೂರುತ್ತಿರಲಿಲ್ಲ.

ಮೇಸ್ತ್ರಿ ತಿಪ್ಪಯ್ಯ ಬಂದು ನಿಂತರು. ಮೂರು ಬೆರಳ ವಿಭೂತಿ ಇಲ್ಲದೆ ಶೆಡ್ಡಿನ ಬಾಗಿಲು ತೆಗೆದವರಲ್ಲ ಅವರು.

"ಚಾ ಚೆಲ್ಲೀಯೇನವ್ವ ಅದರ ಮ್ಯಾಲೆ?"

"ಇಲ್ಲ ಮೇಸ್ತ್ರಿ. ನಾನು ಚಾನೇ ಕುಡಿಯಾಕಿಲ್ಲ."

"ಮತ್ತ ತಾನಾಗೇ ಕೆಡ್ತೇನು? ಉಣ್ಣೋ ಹೊತ್ತಿನ ತನಕ ನೋಡು. ಆಗಲಿಲ್ಲಂದ್ರ ವಾಪಸ್ ದಾರದ ಮೇಜಿಗೆ ಹೋಗು. ಇಲ್ಲಿ ಬ್ಯಾರೇರ್ನ ಕೂಡಸ್ತೀನಿ."

ಅವರು ಹೋದ ಮೇಲೆ ಮಮತಾ ದಾರದ ಮೇಜಿನತ್ತ ಒಮ್ಮೆ ನೋಡಿದಳು. ಆದರೆ ಭಯದ ಪಕ್ಕದಲ್ಲೇ ಒಂದು ಪ್ರಶ್ನೆ ಎದ್ದು ಕೂತಿತ್ತು: ಒತ್ತಿದ್ದು ಒಳಗೆ ಎಲ್ಲಿ ಕಳೆದುಹೋಗುತ್ತದೆ?

ಕಿವಿ ಹಚ್ಚಿ ಒತ್ತಿದಳು. ಉಳಿದವುಗಳಂತೆ ಮೂರೂ 'ಟಕ್' ಎಂದಿತು. ಸದ್ದಿದೆ, ಅಂಕಿಯಿಲ್ಲ. ಒಂಬತ್ತರ ಕೀಯ ಮೇಲಿನ ಪ್ಲಾಸ್ಟಿಕ್ ಟೋಪಿ ಕಿತ್ತು ಮೂರರ ಮೇಲೆ ಕೂರಿಸಿದಳು. ಏನೂ ಬೀಳಲಿಲ್ಲ. ಸರಿ, ಟೋಪಿಯ ತಪ್ಪಲ್ಲ.

ಕಂಪ್ಯೂಟರ್ ಆರಿಸಿ, ತಲೆಯಿಂದ ಎರಡು ಹೇರ್‌ಪಿನ್ ತೆಗೆದು ಮೂರರ ಟೋಪಿಯ ಕೆಳಗಿನ ಪುಟ್ಟ ಕಪ್ಪು ಪೆಟ್ಟಿಗೆಯನ್ನು ಎರಡು ಕಡೆಯಿಂದ ಮೀಟಿದಳು. ಮುಚ್ಚಳ ಬಿಟ್ಟುಕೊಂಡಿತು. ಕೂದಲೆಳೆಯಂಥ ಸ್ಪ್ರಿಂಗು, ಪ್ಲಾಸ್ಟಿಕ್ಕಿನ ಒಂದು ಕಂಬ, ಮಗ್ಗುಲಲ್ಲಿ ಎರಡು ತೆಳು ಹಿತ್ತಾಳೆ ಎಲೆ. ಕಂಬ ಇಳಿದರೆ ಎಲೆಗಳು ಒಂದನ್ನೊಂದು ಮುಟ್ಟುತ್ತವೆ, ಮುಟ್ಟಿದರೆ ಅಂಕಿ ಹೋಗುತ್ತದೆ. ಇಷ್ಟೇನಾ! ಚಿಕ್ಕಂದಿನಲ್ಲಿ ಬಿದಿರಿನ ಚಂದ್ರಿಕೆಯ ಮುಂದೆ ಕೂತು, ರೇಷ್ಮೆಹುಳು ಗೂಡು ಸುತ್ತುವುದನ್ನು ಊಟ ಮರೆತು ನೋಡುತ್ತಿದ್ದಳು. ಈಗಲೂ ಹಾಗೇ ನೋಡಿದಳು.

ಒಂಬತ್ತರ ಸ್ಪ್ರಿಂಗು, ಕಂಬ ಎರಡನ್ನೂ ಮೂರಕ್ಕೆ ಹಾಕಿ, ಕಂಪ್ಯೂಟರ್ ಹಚ್ಚಿ ಒತ್ತಿ ನೋಡಿದಳು. ಆಗಲೂ ಮೂಕ. ಹಾಗಾದರೆ ಉಳಿದದ್ದು ಎಲೆಗಳೇ. ಜೀನ್ಸಿನ ನೀಲಿ ಧೂಳು ಹೊಕ್ಕಿರಬೇಕು ಎಂದುಕೊಂಡು, ಕಂಪ್ಯೂಟರನ್ನು ಮತ್ತೆ ಆರಿಸಿದಳು. ಲೇಬಲ್ ಕಾಗದದ ಎಳೆಯೊಂದನ್ನು ಕತ್ತರಿಸಿ, ಗಾಯದ ಮದ್ದಿನ ಡಬ್ಬಿಯಲ್ಲಿದ್ದ ಸ್ಪಿರಿಟ್ಟಿನಲ್ಲಿ ತುದಿ ಅದ್ದಿ, ಎಲೆಗಳ ನಡುವೆ ತೂರಿಸಿ ಮೆಲ್ಲಗೆ ಎಳೆದಳು.

ನೀಲಿಯಲ್ಲ. ಬೂದುಬಿಳುಪು. ಬೆರಳಲ್ಲಿ ಉಜ್ಜಿದರೆ ನುಣುಪು. ಮೂಗಿಗೆ ಹಿಡಿದಳು, ಗುರುತು ಸಿಕ್ಕಿತು.

ಪೂಜೆಯ ದಿನ ತಿಪ್ಪಯ್ಯ ತಟ್ಟೆಯಲ್ಲಿ ನೀರು ಹಾಕಿ ವಿಭೂತಿ ಕಲಸಿಕೊಂಡು ಒಂದೊಂದು ಮಿಷನ್ನಿಗೂ ಮೂರು ಗೆರೆ ಎಳೆದಿದ್ದರು. ಕಬ್ಬಿಣದ ಮೈಗೆ ಅದರಿಂದೇನೂ ಆಗಿರಲಿಲ್ಲ. ಈ ಮೇಜಿಗೆ ಬಂದಾಗ, "ಇದೂ ನಮ್ಮ ಆಯುಧನ ಅಲ್ಲೇನು?" ಎಂದು ಕೀಲಿಮಣೆಯ ಮೇಲ್ಸಾಲಿನ ಮೇಲೆ ಕೈತುಂಬ ಬಳಿದಿದ್ದರು. ಹೆಚ್ಚು ಬಿದ್ದದ್ದು ಮೂರರ ಮೇಲೆ; ನೀರು ಇಳಿದಿತ್ತು, ಆರಿತ್ತು, ವಿಭೂತಿ ಎಲೆಗಳ ನಡುವೆ ಉಳಿದಿತ್ತು.

ಎರಡನೆಯ ಕಾಗದ ಮಾಸಿ ಬಂತು. ನಾಲ್ಕನೆಯದು ಶುದ್ಧ. ಸ್ಪಿರಿಟ್ ಆರುವವರೆಗೆ ಕಾದು, ಎಲ್ಲವನ್ನೂ ಮೊದಲಿನಂತೆ ಕೂರಿಸಿ, ಕಂಪ್ಯೂಟರ್ ಹಚ್ಚಿ ಒತ್ತಿದಳು. ಮೂರು. ಮತ್ತೊಮ್ಮೆ ಮೂರು. "ಸ್ವಾಮೀ" ಎಂದು ಅವಳ ಬಾಯಿಂದ ತಾನಾಗಿ ಬಂತು.

ಊಟದ ಹೊತ್ತಿಗೆ ತಿಪ್ಪಯ್ಯ ಬಂದಾಗ ಮೂವತ್ತೆರಡರ ಲೇಬಲ್ಲು ಸಾಲಾಗಿ ಹೊರಬರುತ್ತಿತ್ತು.

"ಏನಿತ್ತವ್ವ ಒಳಗ?"

ಏನೋ ಧೂಳು ಎಂದುಬಿಡಬಹುದಿತ್ತು. ಹಿರಿಯರು, ದೇವರ ಕೆಲಸ ಮಾಡಿದವರು. ಆದರೆ ಹಾಗೆಂದರೆ ತಾನು ಚೆಲ್ಲದ ಚಾ ತನ್ನ ತಲೆಯ ಮೇಲೇ ಉಳಿಯುತ್ತಿತ್ತು. ಮಮತಾ ಅಂಗೈ ಬಿಚ್ಚಿ ಮೊದಲ ಕಾಗದದ ಎಳೆಯನ್ನು ತೋರಿಸಿದಳು. "ಇದು ಸೇರ್ಕಂಡಿತ್ತು ಮೇಸ್ತ್ರಿ."

ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಮೂಸಿದರು.

"ಚಾ ಕಲೇನ್ರಿ ಮೇಸ್ತ್ರಿ?" ಹಂಪಕ್ಕ ಬುತ್ತಿ ಬಿಚ್ಚುತ್ತ ಕೂಗಿದಳು.

"ಅಲ್ಲವ್ವ. ನನ್ನ ಕೈಯಿಂದ ಬಿದ್ದ ವಿಭೂತಿ. ಈ ಹುಡುಗೀದು ಏನೂ ತಪ್ಪಿಲ್ಲ." ಎಲ್ಲರಿಗೂ ಕೇಳುವಂತೆಯೇ ಹೇಳಿದರು.

ಕಾಗದದ ಮೇಲಿನ ಬೂದಿಯನ್ನು ಎಸೆಯಲು ಮನಸ್ಸಾಗದೆ ಹೆಬ್ಬೆರಳಿಂದ ತೆಗೆದು ಹಣೆಗೆ ಒತ್ತಿಕೊಂಡರು. ಆಮೇಲೆ ಅವಳ ಕುರ್ಚಿಗೆ ಬರಬೇಕಿದ್ದ ಬೇರೆಯವರಿಗೆಂದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ ನಾಳೆಯ ಆರ್ಡರ್ ಚೀಟಿಗಳನ್ನು ತೆಗೆದು, ಮಡಿಕೆ ನೇರ ಮಾಡಿ, ಎರಡೂ ಕೈಯಲ್ಲಿ ಮಮತಾಳಿಗೆ ಕೊಟ್ಟರು.