ಸಂತೋಷಣ್ಣನ ಡ್ರಾವರು

"ತನಿಯಣ್ಣ, ಎಂತ ಹಾರ್ನ್ ಇದು! ಮಕ್ಕಳು ಹೆದರಿದ್ರು," ಅಂತ ಜರ್ಟ್ರೂಡ್ ಟೀಚರ್ ಬಸ್ಸು ಹತ್ತುತ್ತಾ ಬೈದರು.

ತನಿಯ ಹಾರ್ನಿಂದ ಕೈ ತೆಗೆದ. ಆ ಸದ್ದಿಗೆ ಸೌದಿ ಗಡಿಯಲ್ಲಿ ಮಲಗಿದ್ದ ಒಂಟೆ ಕೂಡ ಎದ್ದು ನಿಂತಿರಬೇಕು. ಅವನ ತಲೆ ಎಷ್ಟು ಕಾದಿತ್ತೆಂದರೆ, ಮೇಲೆ ದೋಸೆ ಹೊಯ್ದಿದ್ರೆ ಎರಡೂ ಬದಿ ಬೇಯ್ತಿತ್ತು.

ಈಗಷ್ಟೇ ಬಸ್ ಕಂಪೆನಿಯ ಮೆನೇಜರ್ ಸಂತೋಷ ಫೋನಲ್ಲಿ ಹೇಳಿದ್ದ: "ಗುರುವಾರ ಆಗ್ಲಿಕ್ಕಿಲ್ಲ ಮಾರಾಯ. ಶಾಲೆಯ ಟ್ರಿಪ್ ಎಲ್ಲ ಮುಗೀಲಿ. ನಿನ್ನ ಪಾಸ್‌ಪೋರ್ಟ್ ಎಲ್ಲಿಗೂ ಓಡಿ ಹೋಗುದಿಲ್ಲ."

ಓಡಿ ಹೋಗ್ಬೇಕಾದವ ತನಿಯ. ಶನಿವಾರ ಮಂಗಳೂರಲ್ಲಿ ಅವನ ಹೆಂಡತಿ ಲೀಲಾಕ್ಷಿಗೆ ಹೊಟ್ಟೆಯ ಆಪರೇಶನ್. ಗುರುವಾರಕ್ಕೆ ಟಿಕೇಟು ಮಾಡಿ ಆಗಿತ್ತು.

ಗಲ್ಫಲ್ಲಿದ್ದರೂ ಸಂತೋಷ ಊರಿನವ, ತುಳುವಲ್ಲೇ ಮಾತಾಡುವವ. "ರೂಮಲ್ಲಿ ಎಂಟು ಜನ ಇದ್ದೀರಿ, ಕಳವಾದೀತು, ನನ್ನ ಡ್ರಾವರಲ್ಲಿ ಇರ್ಲಿ" ಅಂತ ಆರು ವರ್ಷದ ಹಿಂದೆ ಅವನು ಕೇಳಿದಾಗ ತನಿಯ ಎರಡೂ ಕೈ ಚಾಚಿ ಕೊಟ್ಟಿದ್ದ. ಬೇರೆಯವ ಕೇಳಿದ್ರೆ ಕೊಡ್ತಿರಲಿಲ್ಲ. ಹಾಗೆ ಇಟ್ಟುಕೊಳ್ಳುದು ಕಾನೂನಿಗೆ ವಿರೋಧ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಊರಿನವನ ಮೇಲೆ ಕಂಪ್ಲೇಂಟ್ ಕೊಡುದು ಹೇಗೆ?

ಮೂವತ್ತು ಮಕ್ಕಳು ಬಸ್ಸಲ್ಲಿ ಕೂತರು. ಬೆಳಿಗ್ಗೆ ಕೂಲಿಯವರಿಗೆ ಟೊಪ್ಪಿ, ಜ್ಯೂಸು ಹಂಚಿ ಫೋಟೋ ತೆಗೆಸಿಕೊಂಡಿದ್ದರು. ಅದು ಸೇವೆ. ಆಮೇಲೆ ಗುಲಾಮರ ಚರಿತ್ರೆಯ ಮ್ಯೂಸಿಯಂ. ಜನರನ್ನು ತಂದು ಮಾರಿ ಮುತ್ತು ತೆಗೀಲಿಕ್ಕೆ ಸಮುದ್ರಕ್ಕೆ ಇಳಿಸಿದ ಕಥೆ ಕೇಳಿ ಕೆಲವರ ಕಣ್ಣು ಇನ್ನೂ ಕೆಂಪಗಿತ್ತು.

ಡ್ರೈವರ್ ಸೀಟಿನ ಹಿಂದೆಯೇ ಕೂತಿದ್ದ ಕೃತಿಕ್, ಸಂತೋಷನ ಮಗ, ಕೇಳಿದ: "ಅಂಕಲ್, ಅವರೆಲ್ಲ ಯಾಕೆ ಊರಿಗೆ ಗೋ ಮಾಡ್ಲಿಲ್ಲ?"

"ಬಿಡಬೇಕಲ್ಲ ಮಗಾ, ಇಟ್ಟುಕೊಂಡವರು."

ಹುಡುಗನ ಮುಖ ಕನ್ನಡಿಯಲ್ಲಿ ಕಂಡಿತು. ತನಿಯ ಟೀಚರ ಕಡೆ ಬಗ್ಗಿ ಮೆಲ್ಲಗೆ ಎಲ್ಲ ಹೇಳಿದ. ಟೀಚರ ಮೂಗಿನ ತುದಿ ಕೆಂಪಾಯ್ತು.

"ಹೆಂಡತಿಗೆ ಆಪರೇಶನ್ ಅಂತ ಹೇಳಿದ್ರೂ ಕೊಡ್ಲಿಲ್ವಾ? ಆಫೀಸು ಎಲ್ಲುಂಟು?"

"ಗರಾಫಾದಲ್ಲಿ. ದಾರಿಯಲ್ಲೇ. ಮಕ್ಕಳು ಕೂಡ ಬರ್ಲಿ ಟೀಚರ್, ನೋಡ್ಲಿ."

"ಹತ್ತೇ ನಿಮಿಷ. ಪ್ರಿನ್ಸಿಪಾಲರಿಗೆ ನಾನು ಹೇಳ್ತೇನೆ. ಯಲ್ಲಾ, ಹೊರಡಿ!"

ಮೂವತ್ತು ಮಕ್ಕಳು ನುಗ್ಗಿದಾಗ ಸಂತೋಷ ಚಾ ಕುಡೀತಿದ್ದ.

"ಎಂತ ತನಿಯ, ದಿಬ್ಬಣವಾ?"

"ಪಾಸ್‌ಪೋರ್ಟ್ ಕೊಡಿ ಸಂತೋಷಣ್ಣ."

"ಫೋನಲ್ಲಿ ಹೇಳಿದೆನಲ್ಲ. ಮಕ್ಕಳೆದುರು ನಾಟಕ ಬೇಡ."

"ಡ್ರಾವರು ತೆಗಿ."

ಆರು ವರ್ಷದಲ್ಲಿ ತನಿಯ ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಸಂತೋಷನ ಚಾ ಕಪ್ ಸಾಸರಿಗೆ ತಾಗಿ ಟಣ್ ಅಂತು.

"ನಿನಗೆ ಅನ್ನ ಕೊಟ್ಟವ ನಾನು!"

"ಅನ್ನ ನಾನು ದುಡಿದು ತಿಂದದ್ದು. ನಿನ್ನ ಬಸ್ಸು ಓಡಿಸಿದ್ದರಲ್ಲಿ ಚಂದ್ರನಿಗೆ ಹೋಗಿ, ಅಲ್ಲಿ ಪಂಚೇರ್ ಹಾಕಿಸಿ ವಾಪಸು ಬರಬಹುದಿತ್ತು. ತೆಗಿ!"

ಯಾರೋ ಒಂದು ಮಗು ಕಿಸಕ್ಕಂತ ನಕ್ಕಿತು. ಮತ್ತೆ ಯಾರೂ ನಗಲಿಲ್ಲ. ಟೀಚರ್ ಬಾಗಿಲಿಗೆ ಅಡ್ಡ ನಿಂತು, ಫೋನು ಕೈಯಲ್ಲಿ ಹಿಡಿದು, "ನಾನು ಕಂಪ್ಲೇಂಟ್ ಕೊಡ್ತೇನೆ. ನನಗೆ ಅವರು ಊರಿನವರಲ್ಲ," ಅಂದರು.

ಸಂತೋಷ ಮಗನನ್ನು ನೋಡಿದ. ಬೀಗ ತೆಗೆದು, ಹುಡುಕಿ, ಒಂದು ಪಾಸ್‌ಪೋರ್ಟನ್ನು ಮೇಜಿನ ಮೇಲೆ ಬಿಸಾಡಿದ.

"ತಗೋ. ಹೋದವ ಈಚೆ ತಲೆ ಹಾಕ್ಬೇಡ. ಖಲಾಸ್!"

"ಹೆಂಡತಿಯ ಹತ್ರ ಕೂತುಕೊಳ್ಳುವವನಿಗೆ ನಿನ್ನ ಬಸ್ಸು ಎಂತಕ್ಕೆ?" ಅಂದ ತನಿಯ. ಧ್ವನಿ ಗಟ್ಟಿ ಇತ್ತು. ಪಾಸ್‌ಪೋರ್ಟ್ ಹೆಕ್ಕಿ ಅಂಗಿಯ ಕಿಸೆಗೆ ಹಾಕಿದ.

ಕೃತಿಕ್ ಡ್ರಾವರಿನೊಳಗೆ ಬಗ್ಗಿ ನೋಡ್ತಿದ್ದ.

"ಪಪ್ಪಾ, ಉಳಿದದ್ದೆಲ್ಲ ಯಾರದ್ದು?"

ಹುಡುಗ ಪಾಸ್‌ಪೋರ್ಟಿನ ಒಂದು ಕಟ್ಟು ತೆಗೆದು ರಬ್ಬರ್ ಬ್ಯಾಂಡ್ ಬಿಚ್ಚಿದ. ಒಂದೊಂದನ್ನೇ ತೆರೆದು, ಫೋಟೋ ಮೇಲೆ ಬರುವ ಹಾಗೆ, ಮೇಜಿನ ಮೇಲೆ ಸಾಲಾಗಿ ಇಟ್ಟ. ಮೇಜು ತುಂಬಿತು. ಅವನು ಕುರ್ಚಿಯ ಮೇಲೆ ಇಡ್ಲಿಕ್ಕೆ ಶುರು ಮಾಡಿದ.