ತವರಿನ ಸೀರೆ

"ಹಸಿರೇ ಕೊಡ್ರಿ," ಎಂದ ಮಾರುತೇಶ.

ಯಾರಿಗೆಂದು ಅಂಗಡಿಯವನು ಕೇಳಲಿಲ್ಲ. ಬೆಳ್ಳಂಬೆಳಗ್ಗೆ ಬಂದು, ಬೆಲೆ ವಿಚಾರಿಸದೆ, ಮಡಿಕೆ ಬಿಚ್ಚಿಸದೆ ಹಸಿರು ಸೀರೆ ಕೇಳುವ ಗಂಡಸನ್ನು ಹಿರಿಯೂರಿನ ಬಟ್ಟೆ ಅಂಗಡಿಯವರು ನೋಡಿದ ಕೂಡಲೇ ಗುರುತಿಸುತ್ತಾರೆ.

ತಾಳ್ಯದಲ್ಲಿದ್ದ ಅಕ್ಕ ರಂಗಕ್ಕ ತಿಂಗಳುಗಳಿಂದ ಹಾಸಿಗೆ ಹಿಡಿದಿದ್ದಳು. ಅವಳ ಮಗಳು ಆಶಾರಾಣಿಯ ಮೊಬೈಲಿನಿಂದ ಬೆಳಗ್ಗೆ ಮೆಸೇಜು ಬಂದಿತ್ತು: ಅಮ್ಮ ಸೀರಿಯಸ್, ಬೇಗ ಬಾ ಮಾವ. ತಿರುಗಿ ಫೋನ್ ಮಾಡಿದರೆ ಸ್ವಿಚ್ ಆಫ್. ಸತ್ತವರನ್ನು ಸತ್ತರೆಂದು ಅವರ ಕಡೆ ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಬರುವವರು ದಾರಿಯಲ್ಲೇ ಎದೆ ಒಡೆದುಕೊಂಡಾರೆಂದು ಸೀರಿಯಸ್ ಎನ್ನುತ್ತಾರೆ. ಅಪ್ಪ ಹೋದಾಗ ಮಾರುತೇಶನೇ ನೆಂಟರಿಗೆಲ್ಲ ಹಾಗೆ ಹೇಳಿದ್ದ.

ಮುತ್ತೈದೆಯಾಗಿ ಹೋದವಳಿಗೆ ತವರಿನ ಹಸಿರು ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ತವರೆಂದರೆ ಈಗ ಅವನೊಬ್ಬನೇ. ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕನಿಗೆ ಗೌರಿ ಹಬ್ಬಕ್ಕೊಂದು ಸೀರೆ ಒಯ್ಯಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದ, ಅಷ್ಟೆ.

ಸೇವಂತಿಗೆ ಹಾರವನ್ನೂ ಅದೇ ಕವರಿಗೆ ತುರುಕಿಕೊಂಡು ಬಸ್ಸು ಹತ್ತಿದ. ಬಸ್ಸು ಚಿತ್ರದುರ್ಗದ ಆಸ್ಪತ್ರೆಯ ಗೇಟು ದಾಟುವಾಗ ಅವನು ತಲೆ ಎತ್ತಲಿಲ್ಲ.

ತಾಳ್ಯದಲ್ಲಿ ಅಕ್ಕನ ಮನೆ ಮುಂದೆ ಸಾವಿನ ಮನೆಯ ಬೆಂಕಿಯಿರಲಿಲ್ಲ, ಜನವಿರಲಿಲ್ಲ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಕಾಟಪ್ಪ ಜಗಲಿಯಿಂದ ಎದ್ದುಬಂದ.

"ಇಲ್ಲಿಗ್ಯಾಕೆ ಬಂದ್ಯಪ್ಪ? ನಿಮ್ಮಕ್ಕನ್ನ ರಾತ್ರೀನೇ ದುರ್ಗದ ಆಸ್ಪತ್ರೆಗೆ ಒಯ್ದ್ರು. ಹೋಗೋವಾಗ್ಲೂ ನಿನ್ನೇ ಕೇಳ್ತಿದ್ಲು."

ಮಾರುತೇಶನ ಕೈಯಲ್ಲಿದ್ದ ಕವರಿನ ಬಾಯಿಂದ ಇಣುಕುತ್ತಿದ್ದ ಹೂವನ್ನು ಕಂಡು ಕಾಟಪ್ಪನ ದನಿ ಇಳಿಯಿತು.

"ಹಾರ ಇಲ್ಲೇ ಕೊಟ್ಟು ಹೋಗು."

ಬಸ್ಸಿಗೆ ಕಾದು ಕಾದು ಮತ್ತೆ ದುರ್ಗ ತಲುಪುವಷ್ಟರಲ್ಲಿ ಹೊತ್ತು ಇಳಿದಿತ್ತು. ಆಶಾರಾಣಿ ವಾರ್ಡಿನ ಬಾಗಿಲಲ್ಲೇ ಇದ್ದಳು. ಮೆಸೇಜು ಹಾಕಿದ್ದೇ ಚಾರ್ಜು ಮುಗಿಯಿತಂತೆ.

"ಮಧ್ಯಾಹ್ನದ ತನಕ ಮಾತಾಡ್ತಿದ್ಲು ಮಾವ. ಈಗ ದನಿ ಬರಾಕಿಲ್ಲ. ಸೀರಿಯಸ್ ಅಂತ ಹಾಕಿದ್ನಲ್ಲ, ಇಷ್ಟೊತ್ತು ಎಲ್ಲಿದ್ದೆ?"

ಮಾರುತೇಶ ಅವಳನ್ನು ದಾಟಿ ಒಳಗೆ ಹೋದ. ಕವರನ್ನು ಬಚ್ಚಿಡಬೇಕೆಂದು ಹೊಳೆದಿರಲಿಲ್ಲ. ಮಂಚದ ಪಕ್ಕದಲ್ಲಿದ್ದ ಬಾವ ತಿಮ್ಮರಾಯಪ್ಪ ಹಸಿರು ಅಂಚನ್ನು ನೋಡಿದವನೇ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ರಂಗಕ್ಕನ ಕಣ್ಣು ತಮ್ಮನ ಕೈಗೆ ಬಂದು ನಿಂತಿತು. ತುಟಿ ಅಲುಗಿತು, ಉಸಿರಿನಷ್ಟೇ ದನಿ.

"ನಂಗೇನ್ಲಾ?"

"ಗೌರಿ ಹಬ್ಬದ್ದು," ಎಂದ ಮಾರುತೇಶ. "ತರ್ಬೇಕು ತರ್ಬೇಕು ಅಂತಿದ್ದೆ ಅಕ್ಕ."

ಹೊದಿಸೆಂದು ಅವಳು ಮಗಳಿಗೆ ಸನ್ನೆ ಮಾಡಿದಳು. ಆಶಾರಾಣಿ ಖುಷಿಯಿಂದಲೇ ಮಡಿಕೆ ಬಿಚ್ಚಿ ಹೊದಿಕೆಯ ಮೇಲೆ ಹರವಿದಳು. ಒಳಗೆ ಸೇವಂತಿಗೆಯ ಎಸಳೊಂದು ಅಂಟಿತ್ತು. ರಂಗಕ್ಕ ಅದನ್ನು ಬೆರಳಲ್ಲಿ ಎತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಬಣ್ಣ ಚೆನ್ನಾಗೈತೆ."

ಎಸಳನ್ನು ಮುಷ್ಟಿಯೊಳಗೆ ಇಟ್ಟುಕೊಂಡಳು. ಇನ್ನೊಂದು ಕೈಯಿಂದ ಸೀರೆಯನ್ನು ಮೆಲ್ಲಗೆ ಗಲ್ಲದವರೆಗೆ ಎಳೆದುಕೊಂಡಳು.