ದಿಲ್‌ಶಾದಕ್ಕ ಬರೆದಿಟ್ಟ ಮನೆ ಸಾಮಾನಿನ ಪಟ್ಟಿ

ಬಸವಾಪಟ್ಟಣದ ದಿಲ್‌ಶಾದ್ ಬೇಗಂ ಹದಿನೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದಾರೆ. ಗಂಡ ಅಮೀರ್‌ಜಾನ್ ಬಡಗಿ. ಇಬ್ಬರೂ ಕಷ್ಟಪಟ್ಟು ಕಟ್ಟಿಸಿದ ಎರಡು ಕೋಣೆಯ ಮನೆಗೂ ಒಳಗಿನ ಸಾಮಾನಿಗೂ ಹೋದ ವರ್ಷ ವಿಮೆ ಮಾಡಿಸಿದ್ದರು. ಆ ಕಾಗದವನ್ನು ಬೀರುವಿನಲ್ಲಿಟ್ಟು ಮರೆತೇಬಿಟ್ಟಿದ್ದರು.

ಒಂದು ದಿನ ಅದೇ ಬೀದಿಯ ಮಮತಾ ರವಿಕೆ ಹೊಲಿಸಲು ಬಂದಳು. ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಬ್ಯಾಂಕು, ವಿಮೆ ವಿಷಯ ತಿಳಿಸಿ ಹೇಳುವ ಕೆಲಸ ಅವಳದು.

“ಅಕ್ಕಾ, ಮನೇಲಿ ಏನೇನು ಸಾಮಾನು ಐತೆ ಅಂತ ಪಟ್ಟಿ ಮಾಡಿಟ್ಟೀರಾ?”

“ಪಟ್ಟಿ ಯಾಕಮ್ಮ? ನನ್ನ ಮನೆ ಸಾಮಾನು ನನಗೆ ಗೊತ್ತಿಲ್ವಾ?”

“ನಿಮಗೆ ಗೊತ್ತು. ವಿಮೆಯೋರಿಗೆ ಹೆಂಗೆ ಗೊತ್ತಾಗ್ಬೇಕು?”

ದಿಲ್‌ಶಾದ್ ನಕ್ಕರು. “ಎರಡು ಮೆಷಿನ್ನು, ನಾಕು ಪಾತ್ರೆ. ಇದಕ್ಕೂ ಫೋಟೊ ಹಿಡಿದ್ರೆ ನೋಡಿದೋರು ನಗ್ತಾರೆ.” ಎಲ್ಲಿ ದೃಷ್ಟಿ ತಾಕೀತೋ ಎಂಬ ಅಳುಕೂ ಒಳಗೊಳಗೆ ಇತ್ತು.

“ಊರಿಗೆ ತೋರಿಸಾಕಲ್ಲ ಅಕ್ಕಾ. ನಿಮ್ಮ ಹತ್ರ ಒಂದು, ನಂಬಿಕಸ್ತರ ಹತ್ರ ಒಂದು ಇದ್ರೆ ಸಾಕು. ಫೋನ್ ತಗೊಳ್ರಿ, ಈಗಲೇ ಮುಗಿಸೋಣ.”

ಬಾಗಿಲಿನಿಂದ ಹಿತ್ತಲವರೆಗೆ ನಡೆಯುತ್ತಾ ವಿಡಿಯೊ ಮಾಡಿದರು. ಮೆಷಿನ್ನಿನ ಮೇಲಿನ ನಂಬರು, ಫ್ರಿಜ್ಜಿನ ಹಿಂದಿನ ಚೀಟಿ, ಸಿಕ್ಕಷ್ಟು ಬಿಲ್ಲು, ವಿಮೆ ಕಾಗದ, ಎಲ್ಲದರ ಫೋಟೊ ತೆಗೆದರು. ಬಿಲ್ಲಿಲ್ಲದ್ದಕ್ಕೆ ಯಾವ ವರ್ಷ, ಯಾವ ಅಂಗಡಿ ಎಂದು ಬರೆದರು. ಅಮೀರ್‌ಜಾನ್ ಕೈಯಾರೆ ಮಾಡಿದ ತೇಗದ ಮಂಚವೂ ಪಟ್ಟಿ ಸೇರಿತು. ಎರಡು ಪುಟ ತುಂಬಿದಾಗ ದಿಲ್‌ಶಾದ್ ಪೆನ್ನು ಕೆಳಗಿಟ್ಟು, “ಇಷ್ಟೆಲ್ಲಾ ನಾವೇ ಮಾಡ್ಕೊಂಡಿದ್ದಾ?” ಎಂದರು. ಕೊನೆಗೆ ಪಟ್ಟಿಯ ಫೋಟೊ ಸಮೇತ ಎಲ್ಲವನ್ನೂ ಹೊನ್ನಾಳಿಯಲ್ಲಿದ್ದ ತಂಗಿ ಶಬ್ನಮ್‌ಳ ಫೋನಿಗೆ ಕಳಿಸಿದರು.

ನಾಲ್ಕು ತಿಂಗಳಾಗಿತ್ತು. ಮನೆಯವರು ಸವಳಂಗದ ಮದುವೆಗೆ ಹೋಗಿದ್ದ ಮಧ್ಯಾಹ್ನ, ಫ್ರಿಜ್ಜಿನ ವೈರು ಹೊತ್ತಿ ಬೆಂಕಿ ಬಿತ್ತು. ಅಕ್ಕಪಕ್ಕದವರು ನೀರು ಹಾಕಿ ಆರಿಸುವಷ್ಟರಲ್ಲಿ ಎರಡೂ ಕೋಣೆ ಸುಟ್ಟಿದ್ದವು. ಪಟ್ಟಿ ಬರೆದಿಟ್ಟ ಪುಸ್ತಕವೂ, ದಿಲ್‌ಶಾದ್ ಚಾರ್ಜಿಗೆ ಹಾಕಿ ಹೋಗಿದ್ದ ಫೋನೂ ಉಳಿಯಲಿಲ್ಲ. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೇ ಪುಣ್ಯ.

ಸುದ್ದಿ ಮುಟ್ಟಿಸಿದ ಮೂರನೇ ದಿನ ವಿಮೆಯ ಕಡೆಯಿಂದ ನಷ್ಟ ನೋಡಲು ವಿನಯ್ ಕುಮಾರ್ ಎಂಬುವವರು ಬಂದರು.

“ಇಲ್ಲಿ ಏನೇನಿತ್ತು ಹೇಳ್ರಮ್ಮ.”

ದಿಲ್‌ಶಾದ್ ಕರಿಗಟ್ಟಿದ ಗೋಡೆ ನೋಡುತ್ತಾ ನಿಂತರು. “ಮೆಷಿನ್ನು... ಮಂಚ...” ದಿನಾ ಮುಟ್ಟಿದ ಸಾಮಾನು, ಒಂದೂ ನೆನಪಿಗೆ ಬರಲೊಲ್ಲದು. ಅಮೀರ್‌ಜಾನ್ ತಲೆ ಹಿಡಿದುಕೊಂಡು ಕೂತುಬಿಟ್ಟರು.

ಅಲ್ಲೇ ನಿಂತಿದ್ದ ಮಮತಾ ಶಬ್ನಮ್‌ಗೆ ಫೋನು ಹಚ್ಚಿದಳು. ಐದು ನಿಮಿಷದಲ್ಲಿ ಪಟ್ಟಿ, ಫೋಟೊ, ವಿಡಿಯೊ ಎಲ್ಲಾ ಬಂತು. ವಿನಯ್ ಕುಮಾರ್ ಸುಟ್ಟ ಮೆಷಿನ್ನಿನ ಮಸಿ ಒರೆಸಿ ನಂಬರು ತಾಳೆ ನೋಡಿದರು.

ನೆಂಟರೊಬ್ಬರು ಮೆಲ್ಲಗೆ, “ದೊಡ್ಡ ಟಿವಿನೂ ಇತ್ತು ಅಂದ್ಬಿಡು” ಎಂದರು.

“ಇಲ್ಲದ್ದು ಬ್ಯಾಡ. ಇದ್ದದ್ದಕ್ಕೆ ಸಿಕ್ರೆ ಸಾಕು” ಎಂದರು ದಿಲ್‌ಶಾದ್.

ಹಳೇ ಸಾಮಾನಿಗೆ ಬಳಸಿದ ವರ್ಷ ಲೆಕ್ಕ ಹಾಕಿ ಸವಕಳಿ ಅಂತ ಮುರಿದುಕೊಂಡರು, ಪೂರ್ತಿ ದುಡ್ಡು ಬರಲಿಲ್ಲ. ಆದರೂ ಗೋಡೆ, ವೈರಿಂಗು, ಎರಡು ಮೆಷಿನ್ನು, ಫ್ರಿಜ್ಜು, ಇಷ್ಟಕ್ಕೂ ಆಯಿತು. ಹೊಲಿಗೆ ಮತ್ತೆ ಶುರುವಾದ ದಿನ ದಿಲ್‌ಶಾದ್ ಮಮತಾಳ ಮನೆಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡರು.

“ನೀನು ಅವತ್ತು ಕೂರಿಸಿ ಬರೆಸದೇ ಇದ್ದಿದ್ರೆ, ನಾನು ಏನೇನು ಕಳಕೊಂಡೆ ಅಂತ ನನಗೇ ಹೇಳಾಕೆ ಬರ್ತಿರಲಿಲ್ಲ ಕಣಮ್ಮ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೆ ವಿಮೆ ಐತಾ? ಒಳಗಿನ ಸಾಮಾನಿಗೂ, ಮನೇಲೇ ದುಡಿಯುವ ಮೆಷಿನ್ನಿಗೂ, ಬಂಗಾರಕ್ಕೂ ಅದು ಅನ್ವಯ ಆಗ್ತದಾ ಕೇಳಿ ತಿಳ್ಕೊಳ್ರಿ. ಇವತ್ತೇ ಫೋನ್ ಹಿಡಿದು ಒಂದೊಂದು ಕೋಣೆಯನ್ನೂ ಸುತ್ತಿ ಬನ್ನಿರಿ. ಒಂದು ಪ್ರತಿ ಬೇರೆ ಮನೇಲಿರೋ ನಂಬಿಕಸ್ತರಿಗೆ ಕಳಿಸ್ರಿ. ಹೊಸದೇನಾದ್ರೂ ತಂದ ದಿನವೇ ಪಟ್ಟಿಗೆ ಸೇರಿಸ್ರಿ. ನೀವು ಬೆವರು ಸುರಿಸಿ ಮಾಡಿಕೊಂಡ ಸಾಮಾನು, ಬರೆದಿಡೋಕೆ ನಾಚಿಕೆ ಯಾಕೆ?